ನೇರಳೆ ಕಾಣದ ಕಣ್ಣು

ಗಾಜಿನ ಕಾರ್ಖಾನೆಯಲ್ಲಿ ಅವಳ ಅಪ್ಪ ಎಲ್ಲರಿಗೂ ಬೆಂಕಿಗಣ್ಣ. ಹೊರಗಿನವರು ಈ ಅಡ್ಡಹೆಸರು ಕೇಳಿದರೆ ಯಾರೋ ಸಿಡುಕು ಮೂತಿಯ, ಮೀಸೆ ತಿರುವುವ ಆಸಾಮಿ ಇರಬೇಕೆಂದುಕೊಳ್ಳುತ್ತಿದ್ದರು. ಪಾಪ, ಅಪ್ಪನಿಗೆ ಸಿಟ್ಟು ಬಂದದ್ದನ್ನು ಮನೆಯ ಬೆಕ್ಕೂ ಕಂಡಿರಲಿಲ್ಲ. ಬೆಂಕಿಯನ್ನು ಓದುವ ಕಣ್ಣು ಎಂದು ಆ ಹೆಸರು ಬಿದ್ದಿತ್ತು, ಅಷ್ಟೆ.

ಅವನ ಕೆಲಸ ಉಗ್ರಾಣದ ಬಾಗಿಲಿಗೆ ಅಂಟಿಕೊಂಡಂತಿದ್ದ ಪರೀಕ್ಷೆಯ ಕೋಣೆಯಲ್ಲಿ. ಗಾಜಿಗೆ ಬೇಕಾದ ಮರಳೊಂದನ್ನು ಬಿಟ್ಟರೆ ಮಿಕ್ಕ ಸಾಮಾನೆಲ್ಲ ಮೂಟೆಯಲ್ಲಿ ಬರುವುದು ಬಿಳೀ ಪುಡಿಯಾಗಿ. ಸೋಡಾ ಬಿಳಿ, ಸುಣ್ಣ ಬಿಳಿ, ಪೊಟ್ಯಾಷ್ ಬಿಳಿ, ಬೇರಿಯಮ್ಮೂ ಬಿಳಿ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಗಾದೆ ಕಟ್ಟಿದವನು ಒಂದು ದಿನವಾದರೂ ಇಂಥ ಉಗ್ರಾಣದಲ್ಲಿ ಮೈ ಮುರಿದು ದುಡಿದಿರಬೇಕು. ಮೂಟೆಯ ಮೇಲಿನ ಅಚ್ಚು ಅಳಿಸಿಹೋಗಿರುತ್ತದೆ, ಲಾರಿಯವನು ಒಂದರ ಜಾಗದಲ್ಲಿ ಇನ್ನೊಂದನ್ನು ಇಳಿಸಿರುತ್ತಾನೆ, ಇಲ್ಲವೇ ಮಾರುವವನೇ ಕೈಚಳಕ ತೋರಿಸಿರುತ್ತಾನೆ. ಕುಲುಮೆಗೆ ತಪ್ಪು ಪುಡಿ ಬಿತ್ತೆಂದರೆ ಅಂದಿನ ಗಾಜೆಲ್ಲ ಹಾಳು.

ಆದ್ದರಿಂದ ಪ್ರತಿ ಮೂಟೆಯೂ ಒಳಗೆ ಹೋಗುವ ಮೊದಲು ಅಪ್ಪನ ಬೆಂಕಿಯನ್ನು ಹಾಯಬೇಕಿತ್ತು. ಅವನ ಹತ್ತಿರ ಗಾಜಿನ ಹಿಡಿಗೆ ಕೂರಿಸಿದ ಪ್ಲಾಟಿನಂ ತಂತಿಯೊಂದಿತ್ತು. ತುದಿಯಲ್ಲಿ ಪುಟ್ಟ ಕುಣಿಕೆ. ಅದನ್ನು ಆಸಿಡ್‌ಗೆ ಅದ್ದಿ ಬರ್ನರಿನ ಜ್ವಾಲೆಯಲ್ಲಿ ಸುಡುವುದು, ಮತ್ತೆ ಅದ್ದುವುದು, ಮತ್ತೆ ಸುಡುವುದು. ಬೆಂಕಿಗೆ ಯಾವ ಬಣ್ಣವೂ ಹತ್ತದಷ್ಟು ತಂತಿ ಶುದ್ಧವಾದ ಮೇಲೆ ಪುಡಿಯ ಒಂದು ಕಾಳನ್ನು ತಾಗಿಸಿಕೊಂಡು ಜ್ವಾಲೆಯ ಅಂಚಿಗೆ ಹಿಡಿಯುವುದು. ಸುಣ್ಣವಾದರೆ ಬೆಂಕಿ ಇಟ್ಟಿಗೆಯ ಕೆಂಪಾಗುತ್ತದೆ. ಸ್ಟ್ರಾನ್ಷಿಯಂ ಇದ್ದರೆ ರಕ್ತಗೆಂಪು. ಬೇರಿಯಮ್ಮಿಗೆ ಎಳೆ ಹಸಿರು, ತಾಮ್ರಕ್ಕೆ ನೀಲಿ ಬೆರೆತ ಹಸಿರು. ಸೋಡಾದೊಳಗಿನ ಸೋಡಿಯಮ್ಮಿಗೆ ಕಣ್ಣು ಕುಕ್ಕುವ ಹಳದಿ. "ಹುಟ್ಟುಗುಣ ಸುಟ್ಟರೂ ಹೋಗಲ್ಲ ಅಂತಾರೆ," ಎನ್ನುತ್ತಿದ್ದ ಅಪ್ಪ. "ಸುಟ್ಟರೇ ಅಲ್ವಾ ಅದು ಗೊತ್ತಾಗೋದು."

ಸೋಡಿಯಮ್ಮನ್ನು ಕಂಡರೆ ಮಾತ್ರ ಅವನಿಗೆ ಆಗುತ್ತಿರಲಿಲ್ಲ. ಅದು ಮದುವೆಗೆ ಕರೆಯದೆ ಬಂದು ಮುಂದಿನ ಸಾಲಿನಲ್ಲಿ ಕೂರುವ ನೆಂಟನ ಹಾಗೆ. ಬೆರಳು ತಾಗಿದರೆ ಬೆವರಿನ ಉಪ್ಪಿನಲ್ಲಿ ಅದು, ಗಾಳಿಯ ಧೂಳಿನಲ್ಲಿ ಅದು. ಅದರ ಹಳದಿ ಎದ್ದು ಕುಣಿಯತೊಡಗಿದರೆ ಪಕ್ಕದಲ್ಲಿ ಪೊಟ್ಯಾಷಿನ ಮೆಲುವಾದ ನೇರಳೆ ಇದ್ದರೂ ಕಾಣುವುದಿಲ್ಲ. ಅದಕ್ಕೇ ಪೊಟ್ಯಾಷ್ ಬಂದಾಗ ಅಪ್ಪ ದಪ್ಪನೆಯ ನೀಲಿ ಗಾಜಿನ ತುಂಡೊಂದನ್ನು ಕಣ್ಣಿಗೆ ಅಡ್ಡ ಹಿಡಿಯುತ್ತಿದ್ದ. ನೀಲಿ ಗಾಜು ಹಳದಿಯನ್ನು ನುಂಗುತ್ತದೆ, ನೇರಳೆಯನ್ನು ಬಿಟ್ಟುಕೊಡುತ್ತದೆ. "ಇವಳು ನಾಚಿಕೆಯವಳು. ಆ ಗಲಾಟೆಯವನ ಬಾಯಿ ಮುಚ್ಚಿಸಿದ್ರೆ ಮಾತ್ರ ಮುಖ ತೋರಿಸ್ತಾಳೆ," ಎಂದು ಮಗಳಿಗೆ ಹೇಳಿಕೊಟ್ಟಿದ್ದ. ಅದೇ ಕೋಣೆಯಲ್ಲಿ ಅವನ ಕೈಕೆಳಗೆ ಕೆಲಸಕ್ಕೆ ಸೇರಿದ ಮೇಲೆ ಅವಳು ಮೊದಲು ಕಲಿತ ಪಾಠ ಅದು.

ಕಾರ್ಖಾನೆಯಲ್ಲಿ ಅಪ್ಪ ಹೇಳಿದ ಬಣ್ಣಕ್ಕೆ ಮೇಲ್ಮನವಿ ಇರಲಿಲ್ಲ. ಯಾರದೋ ಅಂಗಿ ಹಸಿರೋ ನೀಲಿಯೋ ಎಂದು ಊಟದ ಹೊತ್ತಿನಲ್ಲಿ ಜಗಳ ಬಿದ್ದರೂ ಬೆಂಕಿಗಣ್ಣನನ್ನು ಕೇಳು ಎನ್ನುತ್ತಿದ್ದರು. ಅಮ್ಮ ಮಾತ್ರ ಈ ಕೀರ್ತಿಗೆ ಸೊಪ್ಪು ಹಾಕುತ್ತಿರಲಿಲ್ಲ. "ಲೋಕಕ್ಕೆಲ್ಲ ಬಣ್ಣ ಹೇಳೋ ಮಹಾನುಭಾವ, ಎದುರಿಗೇ ಹಾಲು ಉಕ್ಕಿ ಹೋಗಿದ್ದು ಕಾಣಲ್ಲ," ಎನ್ನುತ್ತಿದ್ದಳು. ಅಪ್ಪ ನಗುತ್ತ ಒಲೆ ಒರೆಸುತ್ತಿದ್ದ.

ಆ ಅಮ್ಮನ ಹೃದಯ ಸೋಲತೊಡಗಿತು. ಮೊದಲು ಮೆಟ್ಟಿಲು ಹತ್ತುವಾಗ ಏದುಸಿರು ಬಂತು, ಆಮೇಲೆ ತಲೆ ಬಾಚಿಕೊಳ್ಳುವಾಗಲೂ ಬಂತು. ಆಸ್ಪತ್ರೆಯಲ್ಲಿ ಕೆಲವು ದಿನ ಇಟ್ಟುಕೊಂಡು ಮಾತ್ರೆ ಕೊಟ್ಟು ಮನೆಗೆ ಕಳಿಸಿದರು. ಕಳಿಸುವಾಗ ಡಾಕ್ಟರು ತಂದೆ ಮಗಳಿಬ್ಬರನ್ನೂ ನಿಲ್ಲಿಸಿಕೊಂಡು ಹೇಳಿದ ಮಾತು ಒಂದೇ: "ತುಟಿ, ಉಗುರು ನೀಲಿಗೆ ತಿರುಗಿದ್ರೆ ಕಾಯ್ತಾ ಕೂರಬೇಡಿ. ತಕ್ಷಣ ಕರ್ಕೊಂಡು ಬನ್ನಿ. ಹೊತ್ತಿಗೆ ಸರಿಯಾಗಿ ತಂದ್ರೆ ಉಳಿಸ್ಕೋಬಹುದು."

ಬಣ್ಣ ನೋಡುವ ಕೆಲಸ ತಾನೆ, ಅಪ್ಪನಿಗಿಂತ ಬೇರೆ ಯಾರು ಬೇಕು ಎಂದು ಅವಳಿಗೆ ಆವತ್ತು ಒಂದು ಬಗೆಯ ಧೈರ್ಯವೇ ಬಂದಿತ್ತು. ಒಂದು ದಿನ ಅಪ್ಪ ಮನೆಯಲ್ಲಿ, ಒಂದು ದಿನ ಅವಳು. ಹೀಗೆ ಸರದಿ ಹಾಕಿಕೊಂಡರು. ಅಮ್ಮ ಇದನ್ನೂ ಆಡಿಕೊಂಡಳು. "ಇಬ್ಬರೂ ನನ್ನನ್ನ ಮೂಟೆ ಥರ ಪರೀಕ್ಷೆ ಮಾಡ್ತಾ ಇದ್ದೀರಿ. ಬೆಂಕಿಗೆ ಹಿಡಿಯೋದೊಂದು ಬಾಕಿ."

ಆ ದಿನ ಮನೆಯ ಸರದಿ ಅಪ್ಪನದು. ಕುಲುಮೆಗೆ ಹೊಸ ಮಿಶ್ರಣ ಸುರಿಯುವ ದಿನವಾದ್ದರಿಂದ ಪರೀಕ್ಷೆಯ ಕೋಣೆಯಲ್ಲಿ ಯಾರಾದರೊಬ್ಬರು ಇರಲೇಬೇಕಿತ್ತು. ಮಧ್ಯಾಹ್ನ ಊಟದ ಡಬ್ಬಿ ಮುಚ್ಚಿಟ್ಟು ಅವಳು ಮನೆಗೆ ಫೋನ್ ಮಾಡಿದಳು.

"ಅಪ್ಪ, ಅಮ್ಮ ಹೇಗಿದ್ದಾಳೆ?"

"ಮಲಗಿದ್ದಾಳೆ. ಉಸಿರು ಸ್ವಲ್ಪ ಜೋರಾಗಿದೆ. ಬೆಳಗ್ಗೆಯೂ ಹಾಗೇ ಇತ್ತಲ್ಲ."

"ತುಟಿ ನೋಡು. ನೀಲಿ ಏನಾದ್ರೂ ಆಗಿದೆಯಾ?"

ಅಪ್ಪ ಕಿಟಕಿಯ ಪರದೆ ಸರಿಸಿದ ಸದ್ದು ಕೇಳಿಸಿತು. ಪುಣ್ಯಾತ್ಮ, ಬೆಳಕು ಮಾಡಿಕೊಂಡೇ ನೋಡಿದ. "ನೀಲಿ ಏನಿಲ್ಲಮ್ಮ. ಒಣಗಿ ಸ್ವಲ್ಪ ಕಂದು ಹೊಡೆದಿದೆ. ನೀರು ಕುಡಿಸ್ತೀನಿ, ಸರಿಹೋಗುತ್ತೆ."

"ಸರಿಯಾಗಿ ನೋಡಿದ್ಯಾ?"

"ಬಣ್ಣ ನೋಡೋದನ್ನ ನೀನು ನನಗೆ ಹೇಳ್ಕೊಡ್ತೀಯಾ?" ಅಪ್ಪ ನಕ್ಕ. ಅವಳೂ ನಕ್ಕಳು. ಫೋನ್ ಇಟ್ಟು ಕೈ ತೊಳೆದುಕೊಂಡು ಮಿಕ್ಕ ಮೂಟೆಗಳ ಕಡೆ ನಡೆದಳು.

ಸಂಜೆ ಅವಳು ಬೀದಿಯ ತಿರುವಿಗೆ ಬರುವಷ್ಟರಲ್ಲಿ ಆಂಬುಲೆನ್ಸ್ ಮನೆ ಮುಂದೆ ನಿಂತಿತ್ತು. ಅಕ್ಕನನ್ನು ನೋಡಿಹೋಗಲು ಬಂದಿದ್ದ ಚಿಕ್ಕಮ್ಮ ಬಾಗಿಲಿನಿಂದಲೇ ಕೂಗಿಕೊಂಡು ಫೋನಿಗೆ ಓಡಿದ್ದಳಂತೆ. ದಾರಿಯಲ್ಲೇ ಅಮ್ಮ ಹೋದಳು. ಆಸ್ಪತ್ರೆಯ ಬಿಳೀ ದೀಪದ ಕೆಳಗೆ ಅವಳು ಅಮ್ಮನ ಮುಖ ನೋಡಿದಳು. ತುಟಿ ಶಾಯಿ ಕುಡಿದಂತೆ ನೀಲಿಯಾಗಿತ್ತು.

"ಮೂರ್ನಾಲ್ಕು ಗಂಟೆ ಮೊದಲೇ ತಂದಿದ್ರೆ ಒಂದು ಪ್ರಯತ್ನ ಮಾಡಬಹುದಿತ್ತು," ಎಂದರು ಡಾಕ್ಟರು.

"ಮಧ್ಯಾಹ್ನ ನಾನೇ ನೋಡಿದೆ ಡಾಕ್ಟ್ರೇ. ಚೆನ್ನಾಗೇ ಇದ್ಲು," ಎಂದ ಅಪ್ಪ.

ಮನೆಗೆ ಬಂದವರಿಗೆಲ್ಲ ಅಪ್ಪ ಅದನ್ನೇ ಹೇಳಿದ. ಮಧ್ಯಾಹ್ನ ನಾನೇ ನೋಡಿದೆ, ಚೆನ್ನಾಗೇ ಇದ್ಲು. ಸಾವು ಸಂಜೆ ಹೊತ್ತಿಗೆ ಕಳ್ಳನ ಹಾಗೆ ಬಂದು ಹೋಗಿದೆ, ಅದಕ್ಕೆ ಯಾರೇನು ಮಾಡೋಕಾಗುತ್ತೆ. ಆ ಒಂದು ಮಾತನ್ನು ಊರುಗೋಲಿನ ಹಾಗೆ ಹಿಡಿದುಕೊಂಡು ಅವನು ಆ ದಿನಗಳನ್ನು ದಾಟಿದ. ಒಬ್ಬನೇ ಕೂತಿದ್ದಾಗಲೂ ಅವನ ತುಟಿ ಆ ಮಾತನ್ನು ಆಡುತ್ತಿದ್ದುದನ್ನು ಅವಳು ಕಂಡಿದ್ದಳು. ಅವಳೂ ಅದನ್ನು ನಂಬಿದಳು. ನಂಬದೆ ಇರುವುದಕ್ಕೆ ಏನೂ ಕಾರಣವಿರಲಿಲ್ಲ.

ಆಮೇಲೆ ಒಂದು ದಿನ ಪೊಟ್ಯಾಷ್ ಬಂತು.

ಪೊಟ್ಯಾಷ್ ಬೇಕಾಗುವುದು ನಯವಾದ, ಥಳಥಳಿಸುವ ಗಾಜಿಗೆ. ಬಾಟಲಿ ಮಾಡುವ ಕಾರ್ಖಾನೆಗೆ ಅಂಥ ಬೇಡಿಕೆ ಯಾವಾಗಲೋ ಒಮ್ಮೆ. ಹೋದ ಸಲ ಬಂದು ವರ್ಷದ ಮೇಲಾಗಿತ್ತು. ಅಪ್ಪ ಮೊದಲ ಮೂಟೆಗೆ ಕೊಳವೆ ಚುಚ್ಚಿ ಪುಡಿ ತೆಗೆದ, ತಂತಿಗೆ ತಾಗಿಸಿ ಬೆಂಕಿಗೆ ಹಿಡಿದ. ಹಳದಿ ಎದ್ದಿತು. ನೀಲಿ ಗಾಜು ಅಡ್ಡ ಹಿಡಿದ. ತುಂಬ ಹೊತ್ತು ನೋಡಿದ. ಎರಡನೆಯ ಮೂಟೆ, ಮೂರನೆಯದು. ಕೊನೆಗೆ ಗಾಜು ಕೆಳಗಿಟ್ಟು, "ಇದು ಪೊಟ್ಯಾಷ್ ಅಲ್ಲ. ಬರೀ ಸೋಡಾ. ವಾಪಸ್ ಹೇರ್ಕೊಂಡು ಹೋಗಿ," ಎಂದ.

ಮಾರಲು ಬಂದಿದ್ದ ವ್ಯಾಪಾರಿಗೆ ಮೈಯೆಲ್ಲ ಉರಿದುಹೋಯಿತು. ಅವನು ಬಾಯಿಗೆ ಬೀಗ ಹಾಕಿಕೊಳ್ಳುವ ಪೈಕಿ ಅಲ್ಲ. "ಕಾಮಾಲೆ ಕಣ್ಣಿನವನಿಗೆ ಕಾಣೋದೆಲ್ಲ ಹಳದಿ," ಎಂದು ಉಗ್ರಾಣಕ್ಕೆಲ್ಲ ಕೇಳುವಂತೆ ಅಂದ. ಗದ್ದಲ ಕೇಳಿ ಕುಲುಮೆಯ ಮೇಸ್ತ್ರಿ ಬಂದ. ಅಪ್ಪನ ಜೊತೆ ಬೆಳೆದು, ಅಪ್ಪನ ಜೊತೆಯೇ ಮುದುಕನಾಗುತ್ತಿದ್ದ ಗೆಳೆಯ. "ಬೆಂಕಿಗಣ್ಣ ಸೋಡಾ ಅಂದ್ರೆ ಸೋಡಾ. ಬಾಯಿ ಮುಚ್ಕೊಂಡು ಹೇರ್ಕೋ," ಎಂದು ವ್ಯಾಪಾರಿಗೆ ಗದರಿದ. ಆದರೂ ಒಂದು ಮಾತಿಗೆ, "ಇರು, ಹುಡುಗಿನೂ ಒಂದ್ಸಲ ನೋಡ್ಲಿ," ಎಂದ.

ಅವಳು ನೋಡಿದಳು. ನೀಲಿ ಗಾಜಿನ ಹಿಂದೆ ಹಳದಿ ಸತ್ತಿತ್ತು. ಅದರ ಜಾಗದಲ್ಲಿ ನೇರಳೆ, ಯಾವ ನಾಚಿಕೆಯೂ ಇಲ್ಲದೆ, ಎಷ್ಟು ಸ್ಪಷ್ಟವಾಗಿ ನಿಂತಿತ್ತೆಂದರೆ ಅದನ್ನು ಕಾಣದೆ ಇರಲು ಕಣ್ಣು ಮುಚ್ಚಿಕೊಂಡೇ ಇರಬೇಕಿತ್ತು. ಅವಳು ಗಾಜನ್ನು ಅಪ್ಪನ ಕಣ್ಣಿಗೆ ಹಿಡಿದಳು.

"ಏನು ಕಾಣ್ತಿದೆ ಅಪ್ಪ?"

"ಏನು ಕಾಣೋದು. ಕತ್ತಲೆ."

ಅಪ್ಪನ ಮುಖದಲ್ಲಿ ಅಳುಕೇ ಇರಲಿಲ್ಲ. ಇದ್ದದ್ದನ್ನು ಇದ್ದಂತೆ ಹೇಳುವವನ ಮುಖ ಅದು. ಎಲ್ಲರೂ ಅವಳನ್ನೇ ನೋಡುತ್ತಿದ್ದರು. ಬಾಯಿಗೆ ಬಂದದ್ದನ್ನು ಅಂದುಬಿಟ್ಟಳು: "ಗಾಜಿಗೆ ಮಸಿ ಹಿಡಿದಿದೆ, ಅದಕ್ಕೇ ಅಪ್ಪನಿಗೆ ಕಂಡಿಲ್ಲ. ಈಗ ಒರೆಸಿ ನೋಡ್ದೆ. ಪೊಟ್ಯಾಷೇ. ಒಳಗೆ ಹಾಕಿ." ವ್ಯಾಪಾರಿ ಗೊಣಗುತ್ತ ಹೋದ. ಗಾಜಿನಲ್ಲಿ ಮಸಿ ಇರಲಿಲ್ಲ. ದಿನಾ ಬೆಳಗ್ಗೆ ಅದನ್ನು ಒರೆಸಿಡುವವಳು ಅವಳೇ.

ಎಲ್ಲರೂ ಹೋದ ಮೇಲೆ ಸುಮ್ಮನೆ ಕೇಳುವವಳ ಹಾಗೆ ಕೇಳಿದಳು. "ಅಪ್ಪ, ಮೇಸ್ತ್ರಿ ಹೊಸ ಅಂಗಿ ಹಾಕ್ಕೊಂಡಿದ್ರಲ್ಲ. ಯಾವ ಬಣ್ಣ ಅದು?"

"ಕಂದು. ಯಾಕೆ?"

ಮೇಸ್ತ್ರಿಯ ಅಂಗಿ ಅಪ್ಪಟ ನೀಲಿ.

ಅವಳು ತಂತಿಯನ್ನು ಆಸಿಡ್‌ಗೆ ಅದ್ದಿದಳು, ಸುಟ್ಟಳು, ಮತ್ತೆ ಅದ್ದಿದಳು. ಕಂದು. ಒಣಗಿ ಸ್ವಲ್ಪ ಕಂದು ಹೊಡೆದಿದೆ ಎಂದಿದ್ದ. ಮಧ್ಯಾಹ್ನದ ಬೆಳಕಿನಲ್ಲಿ, ಪರದೆ ಸರಿಸಿಕೊಂಡು, ಅಮ್ಮನ ನೀಲಿ ತುಟಿಯನ್ನು ನೋಡಿ ಕಂದು ಎಂದಿದ್ದ. ಸಾವು ಕಳ್ಳನ ಹಾಗೆ ಬಂದಿರಲಿಲ್ಲ. ಬಾಗಿಲು ಬಡಿದು, ಹೆಸರು ಹೇಳಿ, ಸಂಜೆಯವರೆಗೂ ಕಾದು ನಿಂತಿತ್ತು. ತಾನೂ ಫೋನಿನಲ್ಲಿ ನಕ್ಕದ್ದು ನೆನಪಾಯಿತು. ತಂತಿಯನ್ನು ಮತ್ತೆ ಅದ್ದಿದಳು.

"ತೊಳೆದ ತಂತೀನೇ ಎಷ್ಟು ಸಲ ತೊಳೀತೀಯೆ?" ಎಂದು ಅಪ್ಪ ಕೇಳಿದಾಗಲೇ ಅವಳಿಗೆ ಎಚ್ಚರವಾದದ್ದು.

ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಎರಡೂ ಕಣ್ಣಿಗೆ ಪೊರೆ ಬಂದಿದೆ ಎಂದರು. ಅಪ್ಪನನ್ನು ಪಕ್ಕದ ಕೋಣೆಯಲ್ಲಿ ಕೂರಿಸಿ ಕಣ್ಣಿಗೆ ಹನಿ ಹಾಕಿದ್ದಾಗ ಅವಳೊಬ್ಬಳಿಗೇ ಬಿಡಿಸಿ ಹೇಳಿದರು. ಕಣ್ಣೊಳಗಿನ ಮಸೂರ ಹಳದಿಗೆ ತಿರುಗಿದೆ. ಹಳದಿ ಗಾಜಿನ ಮೂಲಕ ನೀಲಿ ನೋಡಿದರೆ ಕಂದೋ ಬೂದಿಯೋ ಕಾಣುತ್ತದೆ. ವರ್ಷಗಟ್ಟಲೆ ನಿಧಾನಕ್ಕೆ ಆಗುವುದರಿಂದ ಅವರಿಗೆ ಗೊತ್ತೇ ಆಗಿರುವುದಿಲ್ಲ. ಕೆಂಪು, ಹಸಿರು, ಹಳದಿಗೆ ಅಷ್ಟು ತೊಂದರೆಯಿಲ್ಲ. "ಮೊದಲು ಒಂದು ಕಣ್ಣು ಮಾಡೋಣ, ಆಮೇಲೆ ಇನ್ನೊಂದು. ಪೊರೆ ತೆಗೆದ ಮೇಲೆ ನೋಡಿ, ನೀಲಿ ಅಂದ್ರೆ ಏನು ಅಂತ ಹೊಸದಾಗಿ ಗೊತ್ತಾಗುತ್ತೆ ಅವರಿಗೆ," ಎಂದು ಡಾಕ್ಟರು ನಗುನಗುತ್ತ ಹೇಳಿದರು. ಅವರಿಗೆ ಅದು ಒಳ್ಳೆಯ ಸುದ್ದಿ.

ಹಳದಿಯನ್ನು ಅಡಗಿಸಲು ಜೀವಮಾನವೆಲ್ಲ ನೀಲಿ ಗಾಜು ಹಿಡಿದ ಮನುಷ್ಯ. ನೀಲಿಯನ್ನು ಅಡಗಿಸುವ ಹಳದಿ ಗಾಜೊಂದು ಅವನ ಕಣ್ಣೊಳಗೇ ಬೆಳೆಯುತ್ತಿತ್ತು. ವಿಧಿಗೆ ಇಂಥ ಚೇಷ್ಟೆ ಮಾಡಲು ಬೇರೆ ಯಾರೂ ಸಿಗಲಿಲ್ಲವೇ ಎಂದು ಅವಳಿಗೆ ರೇಗಿತು. ಆದರೆ ವಿಧಿಯ ಮೇಲೆ ರೇಗಿ ಆಗುವುದೇನು. ಅವಳ ಮುಂದೆ ಇದ್ದದ್ದು ಒಂದೇ ಪ್ರಶ್ನೆ. ಅಪ್ಪನ ಕಣ್ಣು ತಿಳಿಯಾದ ದಿನ ಅಪ್ಪನಿಗೆ ಎಲ್ಲ ತಿಳಿದುಹೋಗುತ್ತದೆ. ಆಮೇಲೆ ಅವನು ಬದುಕುವುದು ಹೇಗೆ?

ಅವಳು ಆಪರೇಷನ್ ಮುಂದೂಡಿದಳು. ಮೊದಲು ಅಪ್ಪನ ಕೆಮ್ಮು ನೆಪವಾಯಿತು, ಕೆಮ್ಮು ಹೋದ ಮೇಲೆ ಬಿಸಿಲು, ಬಿಸಿಲು ಇಳಿದ ಮೇಲೆ ಕಾರ್ಖಾನೆಯ ಕೆಲಸ. "ಅವಸರ ಏನಿದೆ ಅಪ್ಪ, ನಾನಿದ್ದೀನಲ್ಲ," ಎನ್ನುತ್ತಿದ್ದಳು. ಅಪ್ಪ ಅದಕ್ಕೂ ತಲೆಯಾಡಿಸುತ್ತಿದ್ದ. ಇದು ತಪ್ಪೋ ಸರಿಯೋ ಎಂದು ತೂಗಿ ನೋಡುವವರು ನೋಡಿಕೊಳ್ಳಲಿ. ತಂದೆಯನ್ನು ಕುರುಡಾಗಲು ಬಿಟ್ಟ ಮಗಳು ಎನ್ನುವವರು ಎನ್ನಲಿ. ಅವಳು ಅದನ್ನೆಲ್ಲ ತನಗೆ ತಾನೇ ಅಂದುಕೊಂಡು ಮುಗಿಸಿದ್ದಳು.

ಕೆಲಸದಲ್ಲಿ ಬೆಂಕಿಯ ಬಣ್ಣವನ್ನು ಅವಳೇ ನೋಡತೊಡಗಿದಳು. ಅಪ್ಪ ತಂತಿ ಹಿಡಿಯುತ್ತಿದ್ದ, ಅವಳು ಬಣ್ಣ ಹೇಳುತ್ತಿದ್ದಳು. ಬರಬರುತ್ತ ತಂತಿ ಬೆಂಕಿಗೆ ಸಿಗದೆ ಅವನ ಬೆರಳು ಸಿಗತೊಡಗಿತು. ಮನೆಯಲ್ಲಿ ಲೋಟದ ಪಕ್ಕಕ್ಕೆ ನೀರು ಸುರಿಯುತ್ತಿದ್ದ. ಅತ್ತ ದರಿ ಇತ್ತ ಪುಲಿ ಎಂದರೆ ಇದೇ ಇರಬೇಕು: ಕಣ್ಣು ಕೊಟ್ಟರೆ ಅಮ್ಮನ ಸಾವು ಕಾಣುತ್ತದೆ, ಕೊಡದಿದ್ದರೆ ಕಾಲ ಬುಡದ ಮೆಟ್ಟಿಲು ಕಾಣುವುದಿಲ್ಲ. ಕೊನೆಗೆ ಅದೂ ಆಯಿತು. ಉಗ್ರಾಣದ ಹಿಂದೆ ಒಡೆದ ಬಾಟಲಿ ರಾಶಿ ಹಾಕುವ ಕಡೆ ಅಪ್ಪ ಎಡವಿ ಬಿದ್ದ. ಹುಬ್ಬು ಸೀಳಿ ಹೊಲಿಗೆ ಬಿತ್ತು. ಇನ್ನು ಒಂದು ಬೆರಳು ಕೆಳಗೆ ತಾಗಿದ್ದರೆ ಕಣ್ಣೇ ಹೋಗುತ್ತಿತ್ತು.

ಚಿಕ್ಕಮ್ಮ ಬಂದವಳೇ ಅಡುಗೆಮನೆಯ ಬಾಗಿಲು ಹಾಕಿಕೊಂಡು ಅವಳನ್ನು ಹಿಡಿದಳು. "ನಾನು ನೋಡ್ತಾನೇ ಇದ್ದೀನಿ. ಡಾಕ್ಟ್ರು ಮಾಡ್ಸಿ ಅಂದ್ರೂ ನೀನು ಒಂದಲ್ಲ ಒಂದು ಕುಂಟು ನೆಪ ತೆಗೀತೀಯ. ಅಕ್ಕ ಅಂತೂ ಹೋದ್ಲು. ಭಾವನ್ನೂ ಕಳಿಸಬೇಕು ಅಂತಿದ್ದೀಯಾ?"

ಅವಳು ಹೇಳಲು ಬಾಯಿ ತೆರೆದಳು. ಹೇಳಿದರೆ ಚಿಕ್ಕಮ್ಮನಿಗೆ ಭಾವನ ಮುಖ ನೋಡುವುದೇ ಕಷ್ಟವಾದೀತು. ಬಾಯಿ ಮುಚ್ಚಿಕೊಂಡಳು.

"ಕಲ್ಲು," ಎಂದು ಚಿಕ್ಕಮ್ಮ ಹೊರಗೆ ಹೋದಳು. ಮುಂದಿನ ವಾರ, ಅವಳು ಕಾರ್ಖಾನೆಯಲ್ಲಿದ್ದಾಗ, ಚಿಕ್ಕಮ್ಮನೂ ಮೇಸ್ತ್ರಿಯೂ ಸೇರಿಕೊಂಡು ಅಪ್ಪನನ್ನು ಆಸ್ಪತ್ರೆಗೆ ಕರೆದೊಯ್ದು ಬಲಗಣ್ಣಿನ ಪೊರೆ ತೆಗೆಸಿದರು. ಸಂಜೆ ಅವಳು ಬಂದಾಗ ಅಪ್ಪ ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ತಪ್ಪು ಮಾಡಿದ ಮಗುವಿನ ಹಾಗೆ ಕೂತಿದ್ದ. "ನಿನಗೆ ಹೇಳ್ಬೇಡ ಅಂದ್ರು. ಬೇಜಾರಾ?" ಎಂದ.

ಪಟ್ಟಿ ಬಿಚ್ಚುವ ಮೊದಲು ಅವಳು ಮಾಡಿದ್ದನ್ನು ನೆನೆದರೆ ನಗಬೇಕೋ ಅಳಬೇಕೋ ತಿಳಿಯುವುದಿಲ್ಲ. ಮನೆಯಲ್ಲಿದ್ದ ನೀಲಿಯನ್ನೆಲ್ಲ ಬೇಟೆಯಾಡಿದಳು. ಬಚ್ಚಲಿನ ಬಕೆಟ್ಟನ್ನು ಪಕ್ಕದ ಮನೆಗೆ ಕೊಟ್ಟಳು. ಪರದೆ ಬಿಚ್ಚಿ ಬೇರೆ ಹಾಕಿದಳು. ತನ್ನ ಎರಡು ಅಂಗಿಗಳನ್ನು ಪೆಟ್ಟಿಗೆಯ ತಳಕ್ಕೆ ತುರುಕಿದಳು. ಆಕಾಶವನ್ನು ಮಾತ್ರ ಎಲ್ಲಿಗೂ ತುರುಕಲಾಗಲಿಲ್ಲ.

ಆಸ್ಪತ್ರೆಯ ಬಾಗಿಲಿನಿಂದ ಹೊರಗೆ ಬಂದ ಅಪ್ಪ ತಲೆಯೆತ್ತಿ ನಿಂತುಬಿಟ್ಟ. ದಾರಿಹೋಕರು ಇವನು ಏನು ನೋಡುತ್ತಿದ್ದಾನೆಂದು ತಾವೂ ಮೇಲೆ ನೋಡಿದರು.

"ಇಷ್ಟೊಂದು ನೀಲಿ ಇತ್ತೇನೇ ಇದು?"

"ಇತ್ತು ಅಪ್ಪ."

"ನನಗೆ ಮರೆತೇ ಹೋಗಿತ್ತು ನೋಡು."

ಅಮ್ಮ ಹೋದ ಮೇಲೆ ಅವನ ಮುಖದಲ್ಲಿ ಅಷ್ಟು ನಗು ಅವಳು ಕಂಡಿರಲಿಲ್ಲ. ದಾರಿಯುದ್ದಕ್ಕೂ ಅಂಗಡಿಯ ಬೋರ್ಡು, ಬಸ್ಸಿನ ಪಟ್ಟೆ, ಯಾರದೋ ಕೊಡೆ ತೋರಿಸುತ್ತ ನೀಲಿ, ನೀಲಿ ಎಂದು ಹೇಳಿಕೊಂಡು ಬಂದ. ಅವನ ಕೈ ಹಿಡಿದು ಪಕ್ಕದಲ್ಲಿ ನಡೆಯುತ್ತಿದ್ದ ಅವಳಿಗೆ ಪ್ರತಿಯೊಂದಕ್ಕೂ ಎದೆ ಧಸಕ್ಕೆನ್ನುತ್ತಿತ್ತು. ಅವನ ಯೋಚನೆ ಇನ್ನೂ ಆ ಮಧ್ಯಾಹ್ನದವರೆಗೆ ಹೋಗಿರಲಿಲ್ಲ.

ಡಾಕ್ಟರು ಕೆಲಸಕ್ಕೆ ಹೋಗಬಹುದು ಎಂದ ದಿನವೇ ಅಪ್ಪ ಪರೀಕ್ಷೆಯ ಕೋಣೆಗೆ ಬಂದ. ಬರ್ನರ್ ಹಚ್ಚಿ, ಬೇರೆಲ್ಲ ಬಿಟ್ಟು ಪೊಟ್ಯಾಷಿನ ಡಬ್ಬಿಯನ್ನೇ ತೆಗೆದ. ಅವಳು ಬೇಡ ಎನ್ನಲು ಏನು ನೆಪ ಹೇಳಿಯಾಳು? ತಂತಿಯನ್ನು ಬೆಂಕಿಗೆ ಹಿಡಿದು ನೀಲಿ ಗಾಜನ್ನು ಕಣ್ಣಿಗೆ ಅಡ್ಡ ತಂದ. "ಬಂದ್ಲು ನೋಡು," ಎಂದ ಮೆಲ್ಲಗೆ. ಎಷ್ಟೋ ಕಾಲದ ಮೇಲೆ ಹತ್ತಿರದವರು ಸಿಕ್ಕಾಗ ಆಡುವ ದನಿ ಅದು.

ಆಮೇಲೆ, ಕೆಲಸದವನ ಹಾಳು ಅಭ್ಯಾಸ, ಬಲಗಣ್ಣು ಮುಚ್ಚಿ ಎಡಗಣ್ಣಿನಲ್ಲಿ ನೋಡಿದ. ಬಲಗಣ್ಣು ತೆರೆದ. ಮತ್ತೆ ಮುಚ್ಚಿದ. ತಂತಿಯಲ್ಲಿದ್ದ ಕಾಳು ಉರಿದು ಮುಗಿಯಿತು. ಇನ್ನೊಂದು ಕಾಳು ತಾಗಿಸಿಕೊಂಡ.

"ಆವತ್ತು ಗಾಜಿಗೆ ಮಸಿ ಹಿಡಿದಿರಲಿಲ್ಲ, ಅಲ್ವಾ?"

"ಇರಲಿಲ್ಲ ಅಪ್ಪ."

ಕಿಟಕಿಯ ಆಚೆ ಮೇಸ್ತ್ರಿ ಕುಲುಮೆಯ ಕಡೆ ನಡೆದುಹೋಗುತ್ತಿದ್ದ, ಅದೇ ಅಂಗಿ. ಅಪ್ಪ ಒಂದು ಕಣ್ಣಿನಿಂದ ಅವನನ್ನು ನೋಡಿದ, ಇನ್ನೊಂದರಿಂದ ನೋಡಿದ. ಆಮೇಲೆ ಬರ್ನರ್ ಆರಿಸಿ ಸ್ಟೂಲಿನ ಮೇಲೆ ಕೂತ. ಅವನು ಒಂದೊಂದೇ ಮೂಟೆ ಇಳಿಸಿಕೊಂಡು ಲೆಕ್ಕ ಹಾಕುವ ಮನುಷ್ಯ. ಎಲ್ಲಿಗೆ ಬಂದು ತಲುಪುತ್ತಾನೆಂದು ಅವಳಿಗೆ ಗೊತ್ತಿತ್ತು. ಅವಳು ಕಾಯುತ್ತ ನಿಂತಳು.

"ನೀನು ಇಲ್ಲಿಂದ ಫೋನ್ ಮಾಡಿದ್ದೆ," ಎಂದ.

"ಅಪ್ಪ, ಆವತ್ತು ಮಧ್ಯಾಹ್ನ ಕರ್ಕೊಂಡು ಹೋಗಿದ್ರೂ ಅಮ್ಮ..."

"ಡಾಕ್ಟ್ರು ಹೇಳಿದ್ದು ನಾನೂ ಕೇಳಿಸ್ಕೊಂಡಿದ್ದೀನಿ."

ಉಗ್ರಾಣದಲ್ಲಿ ಯಾರೋ ಮೂಟೆ ಎಳೆದರು. ಅಪ್ಪ ನೀಲಿ ಗಾಜನ್ನು ಕೆಳಗಿಟ್ಟ.

"ನಿಂಗೆ ಯಾವಾಗ ಗೊತ್ತಾಯ್ತು?"

"ಆ ಪೊಟ್ಯಾಷ್ ಬಂದ ದಿನ."

"ಅದಕ್ಕೇನಾ ಆಪರೇಷನ್ ಬೇಡ ಬೇಡ ಅಂತಿದ್ದಿದ್ದು?"

ಅವಳು ತಲೆಯಾಡಿಸಿದಳು. ಆಮೇಲೆ ಅವನ ಕಣ್ಣಿನ ಬಗ್ಗೆಯೇ ನಂಬಿಕೆ ಸಾಲದೆ, "ಹೂಂ," ಎಂದಳು.

"ನೀನು ಕೇಳಿದ್ದೆ, ಸರಿಯಾಗಿ ನೋಡಿದ್ಯಾ ಅಂತ. ನಾನು ನಕ್ಕೆ." ಅಪ್ಪ ಮಗಳ ಕಡೆ ತಿರುಗಿದ. "ನನ್ನ ಮಾತು ಯಾಕೆ ನಂಬಿದೆಯೇ ನೀನು?"

ಅದರಲ್ಲಿ ದೂರು ಇರಲಿಲ್ಲ. ನಿಜವಾಗಿಯೂ ತಿಳಿಯದೆ ಕೇಳಿದ ಪ್ರಶ್ನೆ ಅದು.

"ಎಲ್ಲರೂ ನಂಬ್ತಾರಲ್ಲ ಅಪ್ಪ," ಎಂದಳು. ಅಷ್ಟು ಹೇಳುವುದರಲ್ಲಿ ಅವಳಿಗೆ ಅಳು ಒತ್ತರಿಸಿ ಬಂತು. ಅಮ್ಮ ಹೋದಾಗಲೂ ಹೀಗೆ ಅತ್ತಿರಲಿಲ್ಲ. ಅಪ್ಪ ಎದ್ದು ಬಂದು ಅವಳ ತಲೆಯ ಮೇಲೆ ಕೈಯಿಟ್ಟ.   

ಅಂದಿನಿಂದ ಮಧ್ಯಾಹ್ನ ಚೆನ್ನಾಗೇ ಇದ್ಲು ಎಂಬ ಮಾತು ಅಪ್ಪನ ಬಾಯಲ್ಲಿ ಬರಲಿಲ್ಲ. ಅವನು ಒಂದೇ ಸಲಕ್ಕೆ ಹತ್ತು ವರ್ಷ ಮುದುಕನಾದ. ಕೆಲಸಕ್ಕೆ ಬರುತ್ತಿದ್ದ, ತಂತಿ ತೊಳೆಯುತ್ತಿದ್ದ, ಬಣ್ಣ ಮಾತ್ರ ಹೇಳುತ್ತಿರಲಿಲ್ಲ. "ಅವಳನ್ನ ಕೇಳಿ," ಎಂದು ಮಗಳ ಕಡೆ ತೋರಿಸುತ್ತಿದ್ದ. ಮೇಸ್ತ್ರಿ ಕೂಡ ಏನಾಯ್ತೆಂದು ಕೇಳಲಾರದೆ ಪಕ್ಕದಲ್ಲಿ ಕೂತು ಎದ್ದು ಹೋಗುತ್ತಿದ್ದ.

ಎಡಗಣ್ಣಿನ ಆಪರೇಷನ್ನಿಗೆ ಬರಹೇಳಿದ್ದ ಬೆಳಗ್ಗೆ ಅವಳು ಬೇಗ ಎದ್ದಳು. ಈಗ ಬಚ್ಚಿಡಲು ಏನೂ ಇರಲಿಲ್ಲ. ಇನ್ನಾದರೂ ಅವನ ಕಣ್ಣು ನೆಟ್ಟಗಾಗಲಿ, ಅಷ್ಟೇ ಸಾಕು ಎಂದುಕೊಂಡು ಚೀಲಕ್ಕೆ ಟವೆಲ್ಲು, ಬಟ್ಟೆ ತುಂಬಿದಳು. ಅಮ್ಮ ಮಲಗುತ್ತಿದ್ದ ಮಂಚದ ತುದಿಯಲ್ಲಿ ಅಪ್ಪ ಕೂತಿದ್ದ. ಅಂಗಿ ಹಾಕಿಕೊಂಡಿರಲಿಲ್ಲ.

"ಹೊರಡು ಅಪ್ಪ, ತಡ ಆಗುತ್ತೆ."

"ನಾನು ಬರಲ್ಲ."

"ಹಾಗಂದ್ರೆ ಹೇಗೆ? ಡಾಕ್ಟ್ರು ಎರಡನ್ನೂ ಮಾಡಿಸಲೇಬೇಕು ಅಂದಿದ್ದಾರೆ. ಒಂದೇ ಕಣ್ಣಲ್ಲಿ ಎಷ್ಟು ದಿನ..."

"ಒಂದು ಸಾಕು. ದಾರಿ ಕಾಣುತ್ತೆ, ಮೆಟ್ಟಿಲು ಕಾಣುತ್ತೆ."

ತಿಂಗಳುಗಟ್ಟಲೆ ಬೇಡ ಎಂದು ನೆಪ ಹೂಡಿದವಳು ಈಗ ಮಾಡಿಸಿಕೋ ಎಂದು ಅವನ ಮೊಣಕಾಲ ಹತ್ತಿರ ಕೂತು ಬೇಡಿದಳು. ಆ ಕಣ್ಣು ಪೂರ್ತಿ ಹೋಗಿಬಿಡುತ್ತೆ ಎಂದಳು. ಅಮ್ಮ ಇದ್ದಿದ್ದರೆ ಬೈದು ಎಬ್ಬಿಸುತ್ತಿದ್ದಳು ಎಂದಳು. ಅಪ್ಪ ಎಲ್ಲಕ್ಕೂ ತಲೆಯಾಡಿಸಿದ. ಆಮೇಲೆ ಅಂಗೈಯಿಂದ ಬಲಗಣ್ಣು ಮುಚ್ಚಿಕೊಂಡು, ಎಡಗಣ್ಣಿನಲ್ಲಿ ಅಮ್ಮನ ಖಾಲಿ ದಿಂಬಿನ ಕಡೆ ನೋಡಿದ.

"ಇದನ್ನ ಮುಟ್ಟೋದು ಬೇಡಮ್ಮ. ನಿಮ್ಮಮ್ಮನನ್ನ ಕೊನೇ ಸಲ ನೋಡಿದ ಕಣ್ಣು ಇದು. ಇದರಲ್ಲಿ ಅವಳ ತುಟಿ ಸ್ವಲ್ಪ ಒಣಗಿದೆ, ಅಷ್ಟೇ. ನೀರು ಕೊಟ್ರೆ ಸರಿಹೋಗುತ್ತೆ."

ಅವಳು ಚೀಲದಿಂದ ಬಟ್ಟೆಗಳನ್ನು ಹೊರಗೆ ತೆಗೆದು ಒಂದೊಂದಾಗಿ ಮತ್ತೆ ಗೂಡಿನಲ್ಲಿ ಇಟ್ಟಳು.